ಎಳ್ಳಮಾವಾಸ್ಯೆಗೆ ಊರು ಸೇರದವರು

ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಯಿತೆಂದರೆ ಪತ್ರಿಕೆಗಳಲ್ಲಿ ಕಬ್ಬಿನ ಬೆಲೆಯ ಚರ್ಚೆಯೂ ಆರಂಭವಾಗುತ್ತದೆ. ಟನ್ನಿಗೆ ಎಷ್ಟು ಕೊಡಬೇಕು, ಕಳೆದ ವರ್ಷದ ಬಾಕಿ ಎಷ್ಟು, ರಸ್ತೆತಡೆ ಎಲ್ಲಿ ನಡೆಯಿತು ಎಂಬುದೆಲ್ಲ ದಿನದಿನವೂ ಅಚ್ಚಾಗುತ್ತದೆ. ಆ ಕಬ್ಬನ್ನು ಕಡಿಯುವವರ ಸುದ್ದಿ ಬರುವುದು ಅವರನ್ನು ಹೇರಿಕೊಂಡು ಹೊರಟ ಟ್ರ್ಯಾಕ್ಟರು ಎಲ್ಲಿಯಾದರೂ ಮಗುಚಿದಾಗ ಮಾತ್ರ. ಅವರು ಯಾವ ಊರಿನವರು, ಆ ಊರನ್ನು ಬಿಟ್ಟು ಆರು ತಿಂಗಳು ಹೇಗೆ ಕಳೆಯುತ್ತಾರೆ ಎಂಬುದು ಬೆಲೆ ನಿಗದಿಯ ಲೆಕ್ಕದಲ್ಲಿ ಎಲ್ಲಿಯೂ ಸೇರುವುದಿಲ್ಲ.

ನಾವು ಇಲ್ಲಿ ಹೇಳಹೊರಟಿರುವುದು ಆ ಲೆಕ್ಕಕ್ಕೆ ಸೇರದ ಸಂಗತಿಯನ್ನು. ಊರ ಹಂಬಲವೆಂಬುದು ಮೆತ್ತನೆಯ ಮನಸ್ಸಿನವರ ಖಾಸಗಿ ದುಃಖವೇ, ಅಥವಾ ದುಡಿಸಿಕೊಳ್ಳುವವರೂ ಸರಕಾರಗಳೂ ಹೊರಬೇಕಾದ ಒಂದು ಹೊಣೆಯೇ? ಈ ಪ್ರಶ್ನೆಗೆ ಉತ್ತರವಾಗಿ ಮಹಾರಾಷ್ಟ್ರದ ಗಡಿಯಲ್ಲಿರುವ ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕಡೆಗೆ ವಾಚಕರ ಗಮನ ಸೆಳೆಯಬಯಸುತ್ತೇವೆ.

ಕಾಸರಗೋಡಿನ ಪತ್ರಿಕೆಗೆ ಲೋಹಾರಾದ ಚಿಂತೆ ಏಕೆ ಎಂದು ಕೇಳುವವರಿದ್ದಾರು. 1956ರ ನವೆಂಬರ 1ರಂದು ನಮ್ಮ ತಾಲೂಕನ್ನು ಕೇರಳಕ್ಕೆ ಸೇರಿಸಿದ ರಾಜ್ಯ ಪುನರ್ವಿಂಗಡಣೆಯೇ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯನ್ನೂ ಒಡೆಯಿತು. ಬೀದರ, ಭಾಲ್ಕಿ, ಹುಮನಾಬಾದುಗಳು ಮೈಸೂರಿಗೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಮೊದಲೇ ಉಸ್ಮಾನಾಬಾದು ಜಿಲ್ಲೆಯಲ್ಲಿದ್ದ ಉಮರ್ಗಾ, ಲೋಹಾರಾಗಳೂ ಅತ್ತಲೇ ಸೇರಿದವು. ಆ ಜಿಲ್ಲೆಯ ಈಗಿನ ಹೆಸರು ಧಾರಾಶಿವ; ಉದಗೀರ, ನಿಲಂಗಾಗಳು 1982ರಲ್ಲಿ ರಚನೆಯಾದ ಲಾತೂರು ಜಿಲ್ಲೆಯಲ್ಲಿವೆ. ಆಳಂದ, ಬಸವಕಲ್ಯಾಣಗಳಿಗೆ ತಾಗಿಕೊಂಡ ಆ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಮಾತನಾಡುವ ಮನೆಗಳು ಇಂದಿಗೂ ಇವೆ. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಎಂಬ ಬದುಕು ನಮಗೆ ಹೊಸತಲ್ಲ. ಊರು ಬಿಟ್ಟು ದುಡಿಯಲು ಹೋಗುವುದಂತೂ ಹೊಸತೇ ಅಲ್ಲ.

ಕಡಲಾಚೆಯವರ ಆಸರೆ

ನಮ್ಮ ಜಿಲ್ಲೆಯಿಂದ ಕೊಲ್ಲಿ ದೇಶಗಳಿಗೆ ಹೋದವರ ಕಥೆ ಮನೆಮನೆಗೂ ಗೊತ್ತು. 1970ರ ದಶಕದಲ್ಲಿ ಹೋದವರಿಗೆ ಕಾಗದವೇ ಗತಿಯಾಗಿತ್ತು. ಬಳಿಕ ಮಾತುಗಳನ್ನು ತುಂಬಿದ ಕ್ಯಾಸೆಟ್ಟುಗಳು ಬಂದವು. ಊರಿಗೆ ಹೊರಟವನ ಪೆಟ್ಟಿಗೆಯಲ್ಲಿ ನೆರೆಮನೆಯವನ ದನಿಯೂ ಬರುತ್ತಿತ್ತು. ಎಸ್. ಎ. ಜಮೀಲ್ ಅವರ 'ದುಬೈ ಕತ್ತುಪಾಟ್ಟು' ಆ ದಶಕದ ಕೊನೆಯಲ್ಲಿ ಮಲೆಯಾಳ ನಾಡನ್ನೆಲ್ಲ ಆವರಿಸಿದ್ದು ಸುಮ್ಮನೆ ಅಲ್ಲ. ಗಂಡನಿಗೆ ಹೆಂಡತಿ ಬರೆಯುವ ಕಾಗದದ ರೂಪದಲ್ಲಿದ್ದ ಆ ಹಾಡು, ಹಣದ ಜತೆಯಲ್ಲಿ ಮನೆಗೆ ಬರುವ ಒಂಟಿತನವನ್ನು ಬಹಿರಂಗವಾಗಿ ಆಡಿತು. ಇಂದು ಕೊಲ್ಲಿಯ ನಗರಗಳಲ್ಲಿ ಕನ್ನಡ ಸಂಘಗಳಿವೆ, ತುಳು ಕೂಟಗಳಿವೆ, ಯಕ್ಷಗಾನದ ಚೆಂಡೆ ಕೇಳುತ್ತದೆ. ಕೇರಳ ಸರಕಾರ 1996ರಲ್ಲಿ ಅನಿವಾಸಿಗಳಿಗೆಂದೇ 'ನೋರ್ಕಾ' ಇಲಾಖೆಯನ್ನು ತೆರೆಯಿತು. ಪ್ರವಾಸಿ ಕ್ಷೇಮನಿಧಿಯೂ ಇದೆ. ಅಲ್ಲಿನ ದುಡಿಮೆ ಸುಲಭವೆಂದು ನಾವು ಹೇಳುತ್ತಿಲ್ಲ. ಆದರೆ ಹೋದವನನ್ನು 'ಹೋದವನು' ಎಂದು ಗುರುತಿಸುವ ಒಂದು ವ್ಯವಸ್ಥೆಯಾದರೂ ಇದೆ.

ಈ ಕಲೆಯಲ್ಲಿ ಜಗತ್ತಿಗೇ ಹಿರಿಯಣ್ಣನೆಂದರೆ ಫಿಲಿಪ್ಪೀನ್ಸ್. 2023ರಲ್ಲಿ ಅಲ್ಲಿನ 20 ಲಕ್ಷಕ್ಕೂ ಮಿಕ್ಕಿದ ಜನರು ಹೊರದೇಶಗಳಲ್ಲಿ ದುಡಿಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಹೆಂಗಸರು. ಅದೇ ವರ್ಷ ಹೊರಗಿನಿಂದ ಆ ದೇಶಕ್ಕೆ ಬಂದ ಹಣ 33 ಶತಕೋಟಿ ಡಾಲರಿಗೂ ಮಿಕ್ಕಿತು. ಸೌದಿಯ ಆಸ್ಪತ್ರೆಯಲ್ಲಿ, ದುಬಾಯಿಯ ಅಂಗಡಿಯಲ್ಲಿ ನಮ್ಮವರ ಪಕ್ಕದಲ್ಲೇ ಅವರೂ ನಿಂತಿರುತ್ತಾರೆ.

ಊರ ಹಂಬಲವನ್ನು ಅವರು ಹೇಗೆ ತಾಳಿಕೊಳ್ಳುತ್ತಾರೆ? ಹಾಂಗ್‌ಕಾಂಗಿನಲ್ಲಿ ಮನೆಗೆಲಸದ ಫಿಲಿಪ್ಪಿನೋ ಹೆಂಗಸರು ಭಾನುವಾರ ಬಂತೆಂದರೆ ನಗರದ ನಡುಭಾಗದ ಚೌಕಗಳಲ್ಲಿ, ದೊಡ್ಡ ಬ್ಯಾಂಕಿನ ಕಟ್ಟಡದ ನೆರಳಿನಲ್ಲಿ ರಟ್ಟಿನ ಹಾಳೆ ಹಾಸಿ ಕುಳಿತುಕೊಳ್ಳುತ್ತಾರೆ. ತಮ್ಮೂರ ಅಡುಗೆ ಹಂಚಿ ಉಣ್ಣುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ, ಹಾಡುತ್ತಾರೆ, ಕುಣಿತ ಅಭ್ಯಾಸ ಮಾಡುತ್ತಾರೆ. ಬೇರೆಯವರ ಮನೆಯಲ್ಲೇ ವಾಸವಿರಬೇಕೆಂಬ ಕಟ್ಟಳೆಯಿರುವ ಅವರಿಗೆ ಆ ಒಂದು ದಿನ ರಸ್ತೆಯೇ ಮನೆ. ವರ್ಷದಲ್ಲಿ ಒಂದೆರಡು ಬಾರಿ ಅವರು ಊರಿಗೆ ದೊಡ್ಡ ಪೆಟ್ಟಿಗೆಯೊಂದನ್ನು ಕಳುಹಿಸುತ್ತಾರೆ. ಸೋಪು, ಡಬ್ಬಿಯ ಮಾಂಸ, ಮಕ್ಕಳ ಬೂಟು ತುಂಬಿದ ಅದಕ್ಕೆ 'ಬಾಲಿಕ್‌ಬಾಯನ್' ಪೆಟ್ಟಿಗೆಯೆಂದು ಹೆಸರು. ಊರಿಗೆ ಮರಳುವವರು ಎಂದು ಆ ಮಾತಿನ ಅರ್ಥ. ತಾನು ಮರಳಲಾಗದ ವರ್ಷ ಪೆಟ್ಟಿಗೆಯಾದರೂ ಮರಳುತ್ತದೆ. ಆ ಪೆಟ್ಟಿಗೆಗೆ ಅಲ್ಲಿನ ಸರಕಾರ ಸುಂಕದ ವಿನಾಯಿತಿ ಕೊಟ್ಟಿದೆ. ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ದಿನಗಳ ವಿಶೇಷ ಪೂಜೆಯನ್ನು ಅವರು ದುಬಾಯಿಯಲ್ಲೂ ಬಿಡುವುದಿಲ್ಲ.

ಹಾಗೆಂದು ಮನಿಲಾದ ಸರಕಾರವನ್ನು ಹೊಗಳಿ ಮುಗಿಸುವಂತಿಲ್ಲ. 1974ರ ಕಾರ್ಮಿಕ ಸಂಹಿತೆಯಿಂದ ಮೊದಲುಗೊಂಡು ಜನರನ್ನು ಹೊರಗೆ ಕಳುಹಿಸುವುದನ್ನೇ ಅದು ಒಂದು ಉದ್ಯಮವಾಗಿ ಮಾಡಿಕೊಂಡಿತು. 1988ರಲ್ಲಿ ಅಧ್ಯಕ್ಷೆ ಕೊರಾಜಾನ್ ಅಕ್ವಿನೋ ಅವರು ಈ ದುಡಿಮೆಗಾರರನ್ನು ಹೊಸ ವೀರರೆಂದು ಕರೆದರು. 1995ರಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯಾನ್ ಎಂಬ ಮನೆಗೆಲಸದಾಕೆಯನ್ನು ಸಿಂಗಪುರದಲ್ಲಿ ಗಲ್ಲಿಗೇರಿಸಿದಾಗ ದೇಶವೇ ಸಿಡಿದೆದ್ದಿತು. ಆ ಬಳಿಕವೇ ಹೊರದೇಶದ ದುಡಿಮೆಗಾರರ ರಕ್ಷಣೆಗೆ ಕಾನೂನು ಬಂದುದು. ವೀರರೆಂಬ ಬಿರುದು ಅಗ್ಗ. ಊರಿನಲ್ಲೇ ಕೆಲಸ ಕೊಡುವುದು ತುಟ್ಟಿ. ಆದರೂ ಇಷ್ಟನ್ನು ಒಪ್ಪಬೇಕು. ವಾರದ ರಜೆ, ಕಲೆಯುವ ಜಾಗ, ಊರಿಗೆ ಕಳುಹಿಸುವ ಸಾಮಾನು, ಹಬ್ಬ, ಮರಳುವ ದಿನದ ಭರವಸೆ, ಈ ಐದು ಕಂಬಗಳ ಮೇಲೆ ಅವರ ಮನಸ್ಸು ನಿಂತಿದೆ. ಹಂಬಲ ಎದೆಯೊಳಗೆ ಹುಟ್ಟುವುದಾದರೂ ಅದನ್ನು ತಾಳಿಕೊಳ್ಳುವ ಆಸರೆಗಳೆಲ್ಲ ಹೊರಗಿನವು.

ಇದೇ ಅಳತೆಗೋಲನ್ನು ಹಿಡಿದು ಈಗ ಮರಾಠವಾಡದ ಗಡಿಗೆ ಹೋಗೋಣ.

ಕತ್ತಿಯೇ ಹೆಸರಾದವರು

ಮರಾಠವಾಡದ ಬಡ ಕುಟುಂಬಗಳು ದಸರೆ ದೀಪಾವಳಿ ಕಳೆಯುತ್ತಲೇ ಹೊರಡುತ್ತವೆ. ಬೀಡ ಜಿಲ್ಲೆಯದು ದೊಡ್ಡ ಪಾಲು. ಧಾರಾಶಿವ, ಲಾತೂರುಗಳ ಒಣಭೂಮಿಯ ಹಳ್ಳಿಗಳವರೂ ತಾಂಡಾಗಳವರೂ ಜತೆಗೂಡುತ್ತಾರೆ. ಕೊಲ್ಲಾಪುರ, ಸಾಂಗ್ಲಿ, ಸಾತಾರಾ ಕಡೆಗೆ ಕೆಲವರು, ಬೆಳಗಾವಿ, ಬಾಗಲಕೋಟೆ ಕಡೆಗೆ ಕೆಲವರು. ಮನೆಯಲ್ಲಿ ಮರಾಠಿಯವರು, ಲಂಬಾಣಿಯವರು, ಗಡಿಯ ಹಳ್ಳಿಗಳಾದರೆ ಕನ್ನಡದವರು. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು 'ಕೋಯ್ತಾ'. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರನ್ನು ಒಂದು ಕತ್ತಿಯ ಹೆಸರಿನಿಂದ ಎಣಿಸುವ ಲೆಕ್ಕವಿದು.

ಹೊರಡುವುದಕ್ಕೆ ಎಷ್ಟೋ ಮುಂಚೆಯೇ ಮುಕಾದಮನು ಮುಂಗಡ ಕೊಟ್ಟಿರುತ್ತಾನೆ. ಅದಕ್ಕೆ 'ಉಚಲ' ಎನ್ನುತ್ತಾರೆ. ಜೋಡಿಗೆ 50 ಸಾವಿರವೋ ಲಕ್ಷವೋ ಬಂದ ಆ ಹಣ ಮದುವೆಗೆ, ಔಷಧಿಗೆ, ಹಳೆಯ ಸಾಲಕ್ಕೆ ಕರಗಿರುತ್ತದೆ. ಮುಂದಿನ ಆರು ತಿಂಗಳು ಟನ್ನಿನ ಲೆಕ್ಕದಲ್ಲಿ ಅದನ್ನು ತೀರಿಸಬೇಕು. ತೀರದಿದ್ದರೆ ಮುಂದಿನ ವರ್ಷಕ್ಕೆ ಬಾಕಿ. ಬೆಳಗಿನ ಜಾವ ಹೊಲಕ್ಕೆ ಇಳಿದರೆ, ಕಡಿದು, ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ತುಂಬುವ ತನಕ ದಿನ ಮುಗಿಯುವುದಿಲ್ಲ. ಲಾರಿ ನಡುರಾತ್ರಿ ಬಂದರೆ ನಡುರಾತ್ರಿಯೇ ಏಳಬೇಕು. ವಾಸ ಹೊಲದ ಅಂಚಿನ ತಾಡಪಾಲು ಗುಡಿಸಲಿನಲ್ಲಿ.

ವಾರದ ರಜೆಯೆಂಬುದು ಇಲ್ಲಿ ಇಲ್ಲ. ಒಂದು ದಿನ ಕೆಲಸ ತಪ್ಪಿದರೆ 'ಖಾಡಾ' ಎಂದು ದಂಡ ಕಡಿಯುತ್ತಾರೆ. ಅದು ದಿನಕ್ಕೆ 500 ರೂಪಾಯಿವರೆಗೂ ಹೋಗುವುದು ಬೆಳಕಿಗೆ ಬಂದಿದೆ. ಇದರ ಫಲವೇನೆಂಬುದನ್ನು 2019ರಲ್ಲಿ ಬೀಡ ಜಿಲ್ಲೆ ಜಗತ್ತಿಗೆ ತೋರಿಸಿತು. ನೀಲಂ ಗೋರ್‍ಹೆ ಅವರ ನೇತೃತ್ವದ ಸಮಿತಿಯ ಮುಂದೆ ಬಂದ ಲೆಕ್ಕದಂತೆ, ಪರಿಶೀಲಿಸಿದ 82 ಸಾವಿರ ಕಬ್ಬಿನ ಕೆಲಸದ ಹೆಂಗಸರಲ್ಲಿ 13 ಸಾವಿರಕ್ಕೂ ಮಿಕ್ಕಿದವರು ಗರ್ಭಕೋಶ ತೆಗೆಸಿಕೊಂಡಿದ್ದರು. ದಂಡದ ಹೆದರಿಕೆ, ನೋವು, ಖಾಸಗಿ ವೈದ್ಯದ ಲಾಭ ಎಲ್ಲವೂ ಸೇರಿ ಆದ ಅನಾಹುತವದು. ಒಂದು ದಿನದ ವಿಶ್ರಾಂತಿಗೂ ಬೆಲೆ ಕಟ್ಟುವಲ್ಲಿ ಊರ ಹಂಬಲದ ಮಾತು ಎತ್ತುವವರು ಯಾರು?

ಮನೆಮಂದಿಯೆಲ್ಲ ಜತೆಗೇ ಇರುವಾಗ ಹಂಬಲ ಎಲ್ಲಿಯದು ಎಂದು ಕೆಲವರು ಕೇಳುತ್ತಾರೆ. ಫಿಲಿಪ್ಪಿನೋ ತಾಯಿ ಮಕ್ಕಳನ್ನು ಬಿಟ್ಟು ಹೋಗುತ್ತಾಳೆ, ಕಾಸರಗೋಡಿನ ಗಂಡ ಹೆಂಡತಿಯನ್ನು ಬಿಟ್ಟು ಹೋಗುತ್ತಾನೆ. ಇವರು ಸಂಸಾರ ಸಮೇತ ಹೋಗುತ್ತಾರಲ್ಲ ಎಂಬ ವಾದ. ಈ ವಾದದಿಂದಲೇ ಇವರ ಹಂಬಲ ಯಾರ ಕಣ್ಣಿಗೂ ಬೀಳದೆ ಹೋಗಿರುವುದು. ಸಂಸಾರ ಜತೆಗಿದ್ದ ಮಾತ್ರಕ್ಕೆ ಊರು ಜತೆಗೆ ಬರುವುದಿಲ್ಲ.

ಎಳ್ಳಮಾವಾಸ್ಯೆಯ ದಿನ

ಊರೆಂದರೆ ಏನೆಂಬುದು ಆ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ತಿಳಿಯಬೇಕು. ಕಲಬುರಗಿ, ಬೀದರದಲ್ಲಿ ಹೇಗೋ ಹಾಗೆಯೇ ಲಾತೂರು, ಧಾರಾಶಿವಗಳಲ್ಲಿಯೂ ಅದು ರೈತನ ದೊಡ್ಡ ಹಬ್ಬ. ನಮ್ಮ ಎಳ್ಳಮಾವಾಸ್ಯೆಯೇ ಅಲ್ಲಿನ ಮರಾಠಿಯಲ್ಲಿ 'ಯೇಳವಸ' ಎಂದು ಕೇಳಿಸುತ್ತದೆ. ರಾಜ್ಯದ ಗಡಿ ಬದಲಾದರೂ ಹಬ್ಬ ಬದಲಾಗಲಿಲ್ಲ. ಜೋಳದ ಹೊಲದಲ್ಲಿ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿ ಹೊತ್ತು ತಂದು, ಪೈರಿಗೆ ಚರಗ ಚೆಲ್ಲಿ, ಹೊಲವಿಲ್ಲದವರನ್ನೂ ದಾರಿಹೋಕರನ್ನೂ ಕರೆದು ಉಣ್ಣಿಸುತ್ತಾರೆ. ನಮ್ಮಲ್ಲಿ ದೀಪಾವಳಿಯ ರಾತ್ರಿ ಗದ್ದೆಯ ಬದಿಯಲ್ಲಿ ನಿಂತು ಬಲೀಂದ್ರನನ್ನು ಕರೆಯುವಾಗ ಮೈಯಲ್ಲಿ ಏನು ಏಳುತ್ತದೋ ಅದೇ ಅಲ್ಲಿಯೂ ಏಳುತ್ತದೆ. ಅಂದು ಲಾತೂರು, ಉದಗೀರದಂಥ ಪೇಟೆಗಳೂ ಬಾಗಿಲೆಳೆದುಕೊಂಡು ಹೊಲಕ್ಕೆ ಹೋಗುತ್ತವೆ. ಪುಣೆಯಲ್ಲಿ ನೌಕರಿ ಮಾಡುವವರು ರಜೆ ಹಾಕಿ ಬರುತ್ತಾರೆ.

ಈ ಹಬ್ಬ ಬೀಳುವುದು ದಶಂಬರ, ಜನವರಿಯ ಹೊತ್ತಿಗೆ. ಅದು ಕಬ್ಬಿನ ಹಂಗಾಮಿನ ಏರುಕಾಲ. ಮನಿಲಾದವರು ಕ್ರಿಸ್‌ಮಸ್ಸಿಗೆ ಕಣ್ಣೀರು ಒರೆಸಿಕೊಳ್ಳುವ ವಾರಗಳಲ್ಲೇ ಲೋಹಾರಾದ ಹೆಣ್ಣುಮಗಳು ಇನ್ನಾರದೋ ಹೊಲದಲ್ಲಿ ಇನ್ನಾರದೋ ಬೆಳೆಯನ್ನು ಕಡಿಯುತ್ತಿರುತ್ತಾಳೆ. ಹೊಲದ ಹಬ್ಬದ ದಿನ ಹೊಲದಲ್ಲೇ ಇದ್ದೂ ಹಬ್ಬವಿಲ್ಲ. ಊರಿನಲ್ಲಿ ಉಳಿದ ಮುದುಕಿಯೊಬ್ಬಳು ತಾನೊಬ್ಬಳೇ ಐದು ಕಲ್ಲುಗಳಿಗೆ ಸುಣ್ಣ ಹಚ್ಚುತ್ತಾಳೆ.

ಇಷ್ಟಾದರೂ ಅವರು ತಮ್ಮದೇ ಆಸರೆಗಳನ್ನು ಕಟ್ಟಿಕೊಳ್ಳದೆ ಇಲ್ಲ. ಒಂದೇ ಊರಿನವರು ಒಂದೇ ಟೋಳಿಯಾಗಿ ಹೋಗುತ್ತಾರೆ. ಗುಡಿಸಲುಗಳನ್ನು ಒತ್ತೊತ್ತಾಗಿ ಹಾಕುತ್ತಾರೆ. ಜೋಳ ಸಜ್ಜೆಗಳನ್ನು ಊರಿನಿಂದಲೇ ಮೂಟೆ ಕಟ್ಟಿ ತರುತ್ತಾರೆ. ಮೊಬೈಲು ಬಂದ ಮೇಲೆ ಅಜ್ಜಿಯ ದನಿ ರಾತ್ರಿ ಕೇಳುತ್ತದೆ. ಆದರೆ ಐದು ಕಂಬಗಳ ಲೆಕ್ಕದಲ್ಲಿ ನೋಡಿದರೆ, ರಜೆಯಿಲ್ಲ, ಹಬ್ಬವಿಲ್ಲ, ಮರಳುವ ದಿನ ಕಾರ್ಖಾನೆಯ ಹೊಗೆ ನಿಂತ ಮೇಲೆ. ಉಳಿದೆರಡು ಕಂಬಗಳನ್ನು ಅವರೇ ಕೈಯಾರೆ ನೆಟ್ಟುಕೊಂಡದ್ದು.

ಮನೆ ಬೇರೆ, ಊರು ಬೇರೆ

ಆ ಸೀಮೆಗೆ ಇನ್ನೊಂದು ಗಾಯವಿದೆ. 1993ರ ಸೆಪ್ಟೆಂಬರ 30ರಂದು, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ ಜನರನ್ನು ಬೆಳಗಿನ ಜಾವ 4 ಗಂಟೆಯ ಹೊತ್ತಿಗೆ ಭೂಕಂಪ ಹೂತುಹಾಕಿತು. ಕಿಲ್ಲಾರಿಯ ಹೆಸರು ಎಲ್ಲರಿಗೂ ಗೊತ್ತು. ಲೋಹಾರಾ ಸೀಮೆಯ ಸಾಸ್ತೂರೂ ನೆಲಸಮವಾಯಿತು. ಸತ್ತವರು ಹತ್ತು ಸಾವಿರದ ಆಸುಪಾಸು. ಸರಕಾರವು ವಿಶ್ವಬ್ಯಾಂಕಿನ ಸಾಲ ಪಡೆದು 52 ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಿಸಿತು. ಅದು ಸಣ್ಣ ಕೆಲಸವಲ್ಲ. ದೇಶದ ಮೂಲೆಮೂಲೆಯಿಂದ ನೆರವು ಹರಿದುಬಂತು. ಆದರೆ ಹಳೆಯ ಊರಿನ ಓಣಿ, ವಾಡೆ, ಕಟ್ಟೆಗಳ ಜಾಗದಲ್ಲಿ ಅಳತೆಯ ಅಗಲ ರಸ್ತೆಗಳೂ ಸಾಲುಮನೆಗಳೂ ಬಂದವು. ಹಳೆಯ ನೆರೆಹೊರೆ ಚದರಿತು. ಒಂದೆರಡು ಮೈಲು ಸರಿದದ್ದಕ್ಕೇ ಜನ ಊರಿಗಾಗಿ ಹಂಬಲಿಸಿದರು. ಸರಕಾರ ಮನೆ ಕೊಡಬಲ್ಲುದು. ಊರನ್ನು ಕೊಡಬೇಕಾದರೆ ಜನರನ್ನು ಕೇಳಬೇಕಾಗುತ್ತದೆ. ಗೋಡೆಯ ನೆನಪಿಗಿಂತ ಗೋಡೆಯಾಚೆಯವರ ನೆನಪೇ ಮನುಷ್ಯನನ್ನು ಕಾಡುವುದು.

ನೀರಿನ ಕಥೆಯೂ ಹೀಗೆಯೇ. 2016ರ ಎಪ್ರಿಲಿನಲ್ಲಿ ಸಾಂಗ್ಲಿ ಜಿಲ್ಲೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ಯಾವ ಕೃಷ್ಣಾ ತೀರಕ್ಕೆ ಇವರು ಕಬ್ಬು ಕಡಿಯಲು ಹೋಗುತ್ತಾರೋ ಆ ಕಡೆಯಿಂದಲೇ ಇವರ ಊರಿಗೆ ನೀರಿನ ಗಾಡಿ ಬಂತು. ನೀರಿದ್ದಲ್ಲಿಗೆ ಜನ, ಜನರಿದ್ದಲ್ಲಿಗೆ ನೀರು; ಎರಡೂ ಒಂದೆಡೆ ನಿಲ್ಲುವಂತೆ ಮಾಡುವುದೇ ಈ ಹಂಬಲಕ್ಕೆ ಮೂಲದ ಮದ್ದು. ಅದು ಬೇಗ ಆಗುವಂಥದ್ದಲ್ಲ. ಹಾಗಾದರೆ ಅಲ್ಲಿಯವರೆಗೆ ಏನು?

ಮಗುವಿನ ಪಾಟಿ

ನಾವು ಪಾಠ ಹೇಳುವವರು. ಆದುದರಿಂದ ಮಗುವಿನ ಮಾತನ್ನು ಮೊದಲು ಎತ್ತುತ್ತೇವೆ. ಕಬ್ಬಿಗೆ ಹೊರಟ ತಾಯಿಯ ಮುಂದೆ ಎರಡೇ ದಾರಿ. ಮಗುವನ್ನು ಅಜ್ಜಿಯ ಬಳಿ ಬಿಟ್ಟರೆ ಶಾಲೆ ಉಳಿಯುತ್ತದೆ, ತಾಯಿ ತಪ್ಪುತ್ತಾಳೆ. ಜತೆಗೆ ಕರೆದೊಯ್ದರೆ ತಾಯಿ ಉಳಿಯುತ್ತಾಳೆ, ಶಾಲೆ ತಪ್ಪುತ್ತದೆ. ಕರ್ನಾಟಕದ ಕಡೆಗೆ ಹೋದ ಗಡಿಯ ಮಗುವಿನ ಅವಸ್ಥೆ ಇನ್ನೂ ವಿಚಿತ್ರ. ಮನೆಯಲ್ಲಿ ಕನ್ನಡ ಮಾತನಾಡಿದರೂ ಅದು ಅಕ್ಷರ ಕಲಿತಿರುವುದು ಮರಾಠಿಯಲ್ಲಿ. ಬೆಳಗಾವಿ ಸೀಮೆಯ ಶಾಲೆಗೆ ಸೇರಿಸಿದರೆ ಮೇಷ್ಟ್ರು ಹೇಳಿದ್ದು ಕಿವಿಗೆ ತಿಳಿಯುತ್ತದೆ, ಹಲಗೆಯ ಮೇಲೆ ಬರೆದದ್ದು ಕಣ್ಣಿಗೆ ತಿಳಿಯುವುದಿಲ್ಲ.

ಇದನ್ನು ಬರೆಯುವಾಗ ನಮ್ಮದೇ ತರಗತಿ ಕಣ್ಣಮುಂದೆ ಬರುತ್ತದೆ. ಬಾಗಲಕೋಟೆ, ಗದಗ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಕಾಸರಗೋಡಿನ ಕನ್ನಡ ಶಾಲೆಗಳಿಗೆ ಸೇರುತ್ತಾರೆ. 'ನಮ್ಮೂರು' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದಾಗ ಇಲ್ಲಿನ ಮಕ್ಕಳು ಕಡಲು, ಕೋಟೆ, ದೇವಸ್ಥಾನ ಎಂದು ಪುಸ್ತಕದಂತೆ ಬರೆದರು. ಅಲ್ಲಿಂದ ಬಂದ ಹುಡುಗನೊಬ್ಬ ಅಜ್ಜಿಯ ಹೆಸರು, ಎಮ್ಮೆಯ ಹೆಸರು ಬರೆದು, ಬೀಗ ಹಾಕಿದ ಮನೆಯ ಚಿತ್ರ ಬಿಡಿಸಿ ಕೊಟ್ಟ. ಅಂಕ ಕೊಡಲು ನಮಗೆ ತಿಳಿಯದೆ ಹೋಯಿತು. ಆದರೆ ಆ ಹುಡುಗನಿಗೆ ಇಲ್ಲಿ ಓದಲು ಬರುವ ಅಕ್ಷರವಿತ್ತು. ಕಬ್ಬಿನ ಗದ್ದೆಯ ಮಗುವಿಗೆ ಅದೂ ಇಲ್ಲ.

ಕಾನೂನುಗಳು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ರೇಶನ್ ಕಾರ್ಡು ಈಗ ದೇಶದಲ್ಲೆಲ್ಲ ನಡೆಯುತ್ತದೆ. ಮಹಾರಾಷ್ಟ್ರ ಸರಕಾರ ಗೋಪೀನಾಥ ಮುಂಡೆಯವರ ಹೆಸರಿನಲ್ಲಿ ಕಬ್ಬು ಕಡಿಯುವವರ ಕಲ್ಯಾಣಕ್ಕೊಂದು ಮಹಾಮಂಡಲ ಸ್ಥಾಪಿಸಿ, ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ಪಡೆಯುವ ಏರ್ಪಾಡು ಮಾಡಿದೆ. ಇವರ ಮಕ್ಕಳಿಗೆಂದು ವಸತಿಗೃಹಗಳ ಯೋಜನೆಯೂ ಇದೆ. ಇನ್ನೊಂದು ಕಡೆ ಇದ್ದುದೂ ಹೋಯಿತು. ಹೊರರಾಜ್ಯಕ್ಕೆ ಒಯ್ದ ಕಾರ್ಮಿಕನಿಗೆ ಊರು ಬಿಟ್ಟದ್ದಕ್ಕಾಗಿಯೇ ಒಂದು ಭತ್ತೆ ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಕಬ್ಬಿನ ಗದ್ದೆಗೆ ಅದು ತಲುಪಿದ್ದು ಕಡಿಮೆ. ಆದರೂ ಊರು ಬಿಡುವುದಕ್ಕೂ ಒಂದು ಬೆಲೆಯಿದೆಯೆಂದು ದೇಶದ ಕಾನೂನು ಒಪ್ಪಿಕೊಂಡಿತ್ತು. 2025ರ ನವೆಂಬರ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಪ್ರಯಾಣದ ಖರ್ಚು ಉಳಿದಿದೆ. ಊರು ಬಿಟ್ಟ ಭತ್ತೆ ಇಲ್ಲ. ಮೊತ್ತ ಸಣ್ಣದಿರಬಹುದು, ಕಳೆದುಹೋದ ಮಾತು ಸಣ್ಣದಲ್ಲ.

ನಮ್ಮ ಅಪೇಕ್ಷೆಗಳು ದೊಡ್ಡವಲ್ಲ. ಎಳ್ಳಮಾವಾಸ್ಯೆಯ ದಿನ ಕಾರ್ಖಾನೆಗಳು ಕಬ್ಬಿನ ಕಡಿತ ನಿಲ್ಲಿಸಲಿ, ಅಂದಿನ ಲೆಕ್ಕದಲ್ಲಿ ಖಾಡಾ ಹಿಡಿಯದಿರಲಿ. ವಾರಕ್ಕೊಂದು ರಜೆ ಹೋರಾಟದಿಂದ ಬರಬೇಕಾದದ್ದು. ಈ ಒಂದು ದಿನ ನಾಚಿಕೆಯಿಂದಲಾದರೂ ಬರಬಹುದು. ಎರಡನೆಯದಾಗಿ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿನ ಊರುಗಳ ಶಾಲೆಗಳಲ್ಲಿ ಹಂಗಾಮಿನ ಆರು ತಿಂಗಳು ಮರಾಠಿ ಬಲ್ಲ ಒಬ್ಬ ಶಿಕ್ಷಕರಿರಲಿ. ಮಗು ಲೋಹಾರಾದ ಪಾಠವನ್ನೇ ಮುಂದುವರಿಸಿ, ಜತೆಗೆ ತನ್ನ ಮನೆಮಾತಿನ ಅಕ್ಷರವನ್ನೂ ಕಲಿತು ಹೋಗಲಿ. ಗಡಿಯ ಹಳ್ಳಿಗಳಿಗಾಗಿ ದಶಕಗಳಿಂದ ವಾದಿಸುತ್ತಿರುವ ಎರಡು ಸರಕಾರಗಳು ಗಡಿ ದಾಟುವ ಮಗುವಿಗಾಗಿ ಒಂದು ಮೇಜಿನ ಮುಂದೆ ಕುಳಿತುಕೊಳ್ಳಲಾರವೇ?

ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳುವಂಥದ್ದು. ಶಾರ್ಜಾದಲ್ಲಿರುವ ಮಗನಿಗೆ ಭಾನುವಾರವೋ ಶುಕ್ರವಾರವೋ ಯಾರಾದರೂ ಊಟಕ್ಕೆ ಕರೆದರೆ ಇಲ್ಲಿ ನಮ್ಮ ಹೊಟ್ಟೆ ತಣ್ಣಗಾಗುತ್ತದೆ. ನಮ್ಮ ಊರಿನ ಕಟ್ಟಡಗಳಿಗೆ ಕಲ್ಲು ಹೊರುತ್ತಿರುವ ಬಡಗಣ ನಾಡಿನವರ ತಾಯಂದಿರೂ ಅಲ್ಲಿ ಕಾದಿದ್ದಾರೆ. ಅವರ ಎಳ್ಳಮಾವಾಸ್ಯೆ ಯಾವ ದಿನ ಬರುತ್ತದೆಂದು ಪಂಚಾಂಗ ತೆಗೆದು ನೋಡಿಟ್ಟುಕೊಳ್ಳುವುದರಿಂದ ನಾವು ಆರಂಭಿಸಬಹುದು.